ಕೆಂಪು ಅಕ್ಷರದ 11.4: ಒಂದು ಎಚ್‌ಎಸ್-ಸಿಆರ್‌ಪಿ ವರದಿಯ ಪ್ರಕರಣ ಅಧ್ಯಯನ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ದಿನಬೆಳಗಾದರೆ ಬರುತ್ತಿದ್ದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಅಷ್ಟು ದೂರ ಹೋಗಲಾಗದವರು ತಮ್ಮೂರಿನ ಲ್ಯಾಬಿನಲ್ಲೇ 'ಹಾರ್ಟ್ ಪ್ಯಾಕೇಜ್' ಮಾಡಿಸಿಕೊಂಡರು. ಹಾಗೆ ಮಾಡಿಸಿಕೊಂಡು, ಕೈಯಲ್ಲಿ ವರದಿ ಹಿಡಿದು ಬರುವವರ ಪೈಕಿ ಒಬ್ಬರನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ವ್ಯಕ್ತಿ ಕಲ್ಪಿತ. ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಬ್ಬರ ಮೇಲೆ ಹೊರಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಪರೀಕ್ಷೆಗಳ ಮಿತಿ, ಮಾನದಂಡ, ಅಧ್ಯಯನಗಳ ವಿವರ ಮಾತ್ರ ಇದ್ದದ್ದು ಇದ್ದಹಾಗೆ.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ವಯಸ್ಸು 44. ಎತ್ತರ 168 ಸೆಂ.ಮೀ., ತೂಕ 79 ಕೆ.ಜಿ., ಸೊಂಟದ ಸುತ್ತಳತೆ 98 ಸೆಂ.ಮೀ. (ಭಾರತೀಯ ಗಂಡಸರಿಗೆ 90 ದಾಟಬಾರದು). ಬಿಪಿ 138/88. ಬೀಡಿ ಸಿಗರೇಟು ಇಲ್ಲ, ಆದರೆ ದಿನಕ್ಕೆ ಐದಾರು ಬಾರಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು. ತಂದೆಗೆ 52ನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ಇಸಿಜಿ, ಎಕೋ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಇಸಿಜಿ) ಮೂರೂ ಸರಿಯಾಗಿವೆ. ಒಟ್ಟು ಕೊಲೆಸ್ಟ್ರಾಲ್ 202, ಎಲ್‌ಡಿಎಲ್ 124, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 210, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕಿ) 6.1. ಇವುಗಳಲ್ಲಿ ಯಾವುದೂ ಅವರನ್ನು ಹೆದರಿಸಿರಲಿಲ್ಲ. ಹೆದರಿಸಿದ್ದು ಕೊನೆಯ ಪುಟದ ಒಂದು ಸಾಲು: ಎಚ್‌ಎಸ್-ಸಿಆರ್‌ಪಿ (ಹೈ ಸೆನ್ಸಿಟಿವಿಟಿ ಸಿಆರ್‌ಪಿ, ಉರಿಯೂತದ ಸಣ್ಣ ಏರಿಕೆಯನ್ನೂ ಅಳೆಯುವ ರಕ್ತಪರೀಕ್ಷೆ) 11.4 ಮಿ.ಗ್ರಾಂ/ಲೀ. ಕೆಂಪು ಅಕ್ಷರ, ಪಕ್ಕದಲ್ಲಿ ಮೇಲ್ಮುಖದ ಬಾಣ, ಕೆಳಗೆ 'ಹೃದಯಾಘಾತದ ಅಪಾಯ: ಅಧಿಕ'.

ಆ ಕೊನೆಯ ಷರಾ ತಪ್ಪು. ಅಪಾಯ ಇಲ್ಲವೆಂದಲ್ಲ, 11.4 ಎಂಬ ಅಂಕಿಯಿಂದ ಅದನ್ನು ಹೇಳಲು ಬರುವುದಿಲ್ಲ.

ಕೇಳದೇ ಬಿಟ್ಟ ಪ್ರಶ್ನೆ

ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲಿ ಹಾಕಿಕೊಟ್ಟ ಗೆರೆಗಳನ್ನೇ ಬಹುತೇಕ ಲ್ಯಾಬ್‌ಗಳು ಇಂದಿಗೂ ಅಚ್ಚು ಹಾಕುತ್ತವೆ: 1ಕ್ಕಿಂತ ಕಡಿಮೆ ಇದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ಅದೇ ದಾಖಲೆಯಲ್ಲಿ ಇನ್ನೆರಡು ಮಾತಿವೆ. 10 ದಾಟಿದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯದೆ ಸೋಂಕು, ಗಾಯ, ಬೇರೆ ಉರಿಯೂತ ಹುಡುಕಬೇಕು. ಮತ್ತು ಎರಡು ವಾರದ ಅಂತರದಲ್ಲಿ ಎರಡು ಬಾರಿ ಅಳೆದು ಸರಾಸರಿ ತೆಗೆಯಬೇಕು. ಈ ಎರಡು ಮಾತು ವರದಿಯ ಹಾಳೆಯ ಮೇಲೆ ಕಾಣುವುದು ಅಪರೂಪ.

ಕೇಳಿದಾಗ ಗೊತ್ತಾಯಿತು: ರಕ್ತ ಕೊಡುವ ಐದು ದಿನ ಮುಂಚೆ ಇವರಿಗೆ ಜ್ವರ, ಕೆಮ್ಮು ಬಂದಿತ್ತು. ಒಂದೆರಡು ಪ್ಯಾರಾಸಿಟಮಾಲ್ ನುಂಗಿ ಮಂಡಿಗೆ ಹೋಗಿದ್ದರು. ಅಷ್ಟು ಸಾಕು.

ಸಿಆರ್‌ಪಿ ಯಕೃತ್ತು ತಯಾರಿಸುವ ಪ್ರೋಟೀನು. ದೇಹದ ಯಾವ ಮೂಲೆಯಲ್ಲಿ ಉರಿಯೂತ ಎದ್ದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ. ಸುಮಾರು ಆರು ಗಂಟೆಯಲ್ಲಿ ಸಿಆರ್‌ಪಿ ಏರತೊಡಗಿ, ಎರಡು ದಿನದ ಹೊತ್ತಿಗೆ ಶಿಖರ ಮುಟ್ಟುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು 19 ಗಂಟೆ. ಅದು ಯಾವಾಗಲೂ ಅಷ್ಟೇ. ಹಾಗಾಗಿ ಮಟ್ಟವನ್ನು ನಿರ್ಧರಿಸುವುದು ತಯಾರಿಯ ವೇಗ ಮಾತ್ರ. ಉರಿಯೂತ ಪೂರ್ತಿ ನಿಂತ ಮೇಲೆ ವಾರದೊಳಗೆ ಅಂಕಿ ತನ್ನ ಎಂದಿನ ಮಟ್ಟಕ್ಕೆ ಬರುತ್ತದೆ, ಆದರೆ ಜ್ವರ ಬಿಟ್ಟ ದಿನವೇ ಉರಿಯೂತ ನಿಂತಿರುವುದಿಲ್ಲ. ಜ್ವರ, ಹಲ್ಲು ಕೀಳಿಸಿದ್ದು, ಗಾಯ, ಲಸಿಕೆ ಏನೇ ಇರಲಿ, ಮೂರು ವಾರ ಬಿಟ್ಟು ರಕ್ತ ಕೊಡುವುದು ಕ್ಷೇಮ. ಖಾಲಿ ಹೊಟ್ಟೆ ಬೇಕಾಗಿಲ್ಲ.

ಹೆಸರಿನ ಕಥೆಯನ್ನು ಇಲ್ಲೇ ಹೇಳಿಬಿಡಬಹುದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯಾ ರೋಗಿಗಳ ರಕ್ತಸಾರ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ 'ಸಿ' ಅಂಶದೊಡನೆ ಗರಣೆಗಟ್ಟುವುದನ್ನು ಕಂಡರು. 'ಸಿ ರಿಯಾಕ್ಟಿವ್ ಪ್ರೋಟೀನ್' ಬಂದದ್ದು ಹಾಗೆ. ಹುಟ್ಟಿದ್ದೇ ಸೋಂಕಿನ ಸುಳಿವಾಗಿ. ಆರೋಗ್ಯವಂತರಲ್ಲೂ ಇದರ ಸಣ್ಣ ಏರಿಕೆ ಮುಂದಿನ ಹೃದಯಾಘಾತದ ಜೊತೆ ತಾಳೆಯಾಗುತ್ತದೆ ಎಂದು ಪಾಲ್ ರಿಡ್ಕರ್ ಮತ್ತು ಸಂಗಡಿಗರು ತೋರಿಸಿದ್ದು 1997ರಲ್ಲಿ.

11.4ರಿಂದ 0.54ಕ್ಕೆ 'ಇಳಿಕೆ'

ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟದ್ದು ಬೇರೆ ಲ್ಯಾಬಿನಲ್ಲಿ. ವರದಿ ಬಂತು: 0.54. ಕಪ್ಪು ಅಕ್ಷರ, ಬಾಣ ಇಲ್ಲ.

"ಡಾಕ್ಟ್ರೇ, ಹನ್ನೊಂದು ಇದ್ದದ್ದು ಸೊನ್ನೆ ಪಾಯಿಂಟ್ ಐದಕ್ಕೆ ಬಂದಿದೆ. ಇನ್ನೇನೂ ಬೇಡ ಅಲ್ವಾ?"

ಮಂಡಿಯಲ್ಲಿ ಕ್ವಿಂಟಲ್, ಕಿಲೋ ಗೊಂದಲ ಮಾಡಿಕೊಳ್ಳದ ಮನುಷ್ಯ ಇಲ್ಲಿ ಎಡವಿದ್ದರು. ಎಡವಿದ್ದು ಅವರ ತಪ್ಪಲ್ಲ. ಮೊದಲ ಲ್ಯಾಬು ಮಿ.ಗ್ರಾಂ/ಲೀ ಎಂದು ಬರೆದಿತ್ತು, ಎರಡನೆಯದು ಮಿ.ಗ್ರಾಂ/ಡೆ.ಲೀ. ಡೆಸಿಲೀಟರ್ ಅಂದರೆ ಲೀಟರಿನ ಹತ್ತನೇ ಒಂದು ಭಾಗ. 0.54 ಮಿ.ಗ್ರಾಂ/ಡೆ.ಲೀ ಎಂದರೆ 5.4 ಮಿ.ಗ್ರಾಂ/ಲೀ. ಕಪ್ಪು ಅಕ್ಷರದಲ್ಲಿ ಬಂದದ್ದು ಯಾಕೆಂದರೆ ಎರಡನೇ ಲ್ಯಾಬು ಸೋಂಕು ನೋಡುವ ಮಾಮೂಲಿ ಸಿಆರ್‌ಪಿಯ ಮಿತಿಯನ್ನು ಅಚ್ಚು ಹಾಕಿತ್ತು. ರಕ್ತನಾಳದ ಪ್ರಶ್ನೆಗೆ ಆ ಮಿತಿ ತುಂಬಾ ಸಡಿಲ.

ಇದಕ್ಕಿಂತ ದೊಡ್ಡ ಹಳ್ಳವೊಂದಿದೆ. ಸಣ್ಣ ಊರುಗಳ ಲ್ಯಾಬಿನಲ್ಲಿ 'ಸಿಆರ್‌ಪಿ' ಎಂದಷ್ಟೇ ಬರೆದು ಕಳಿಸಿದರೆ ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಸೀರಂ, ಒಂದು ಹನಿ ಲೇಟೆಕ್ಸ್ ಬೆರೆಸಿ, ಎರಡು ನಿಮಿಷ ಓಲಾಡಿಸಿ, ಕಣ ಕಟ್ಟಿತೇ ಎಂದು ಕಣ್ಣಲ್ಲೇ ನೋಡುತ್ತಾರೆ. ಆ ಪರೀಕ್ಷೆ ಗುರುತಿಸುವುದು ಸುಮಾರು 6 ಮಿ.ಗ್ರಾಂ/ಲೀ ದಾಟಿದ ಮೇಲೆ. ಸೋಂಕು ನೋಡಲು ಅದು ಸಾಕು. ಇವರ 5.4 ಅಲ್ಲಿ 'ನೆಗೆಟಿವ್' ಆಗುತ್ತಿತ್ತು. ಹೈ ಸೆನ್ಸಿಟಿವಿಟಿ ವಿಧಾನದಲ್ಲೂ ಲೇಟೆಕ್ಸ್ ಕಣಗಳಿಗೆ ಪ್ರತಿಕಾಯ ಅಂಟಿಸಿರುತ್ತಾರೆ, ಆದರೆ ಕಣ ಕಟ್ಟಿದಾಗ ಏಳುವ ಮಂಜನ್ನು ಯಂತ್ರ ಬೆಳಕಿನಿಂದ ಅಳೆಯುತ್ತದೆ. 1ಕ್ಕಿಂತ ಕೆಳಗಿನ ಮಟ್ಟವನ್ನೂ ಹಿಡಿಯುತ್ತದೆ. ಆ ಮಂಜಿನ ಅಳತೆಗೆ ಎರಡು ಶತ್ರುಗಳಿವೆ: ಟ್ರೈಗ್ಲಿಸರೈಡ್ ಬಹಳ ಏರಿ ಹಾಲಿನಂತಾದ ಸೀರಂ, ಮತ್ತು ರುಮಟಾಯ್ಡ್ ಫ್ಯಾಕ್ಟರ್ (ಕೀಲುವಾತದವರ ರಕ್ತದಲ್ಲಿ ಸಾಮಾನ್ಯವಾಗಿ ಕಾಣುವ ಪ್ರತಿಕಾಯ). ಇವರ 210 ಅಷ್ಟು ತೊಂದರೆ ಕೊಡದು.

ಎರಡು ವಾರದ ನಂತರ ಅದೇ ಲ್ಯಾಬಿನಲ್ಲಿ, ಎಚ್‌ಎಸ್ ವಿಧಾನದಲ್ಲಿ ಮತ್ತೊಮ್ಮೆ: 4.8. ಸರಾಸರಿ 5.1. ಒಬ್ಬನೇ ಮನುಷ್ಯನಲ್ಲಿ ಸಿಆರ್‌ಪಿ ವಾರದಿಂದ ವಾರಕ್ಕೆ ಶೇ. 40ರಷ್ಟು ಸುಮ್ಮಸುಮ್ಮನೆ ಏರಿಳಿಯುತ್ತದೆ. ಹಾಗಾಗಿ 5.4 ಮತ್ತು 4.8 ಎರಡೂ ಒಂದೇ ಅಂಕಿ ಎಂದೇ ಓದಬೇಕು. ಒಂದೊಂದೇ ಅಳತೆ ಇಟ್ಟುಕೊಂಡು ಇಳಿಯಿತು ಎನ್ನಬೇಕಾದರೆ ಅರ್ಧಕ್ಕಿಂತಲೂ ಸಾಕಷ್ಟು ಕೆಳಗೆ ಬರಬೇಕು.

ಒಳಪದರದಲ್ಲಿ ಏನಾಗಿರಬಹುದು

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ: ಎಂಡೋಥೀಲಿಯಂ. ಬಹುಕಾಲ ಅದನ್ನು ಬರೀ ಅಸ್ತರಿ ಎಂದುಕೊಂಡಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ಚೂರುಗಳ ಮೇಲೆ ಅಸಿಟೈಲ್‌ಕೋಲಿನ್ ಹಾಕಿದಾಗ ಕೆಲವು ಸಡಿಲಗೊಂಡವು, ಕೆಲವು ಬಿಗಿದವು. ಬಿಗಿದವು ಯಾವುವೆಂದರೆ ಸಿದ್ಧಪಡಿಸುವಾಗ ಒಳಪದರ ಉಜ್ಜಿಹೋಗಿದ್ದ ಚೂರುಗಳು. ಸಡಿಲಗೊಳಿಸುವ ವಸ್ತು ಆ ಪದರದಿಂದಲೇ ಬರುತ್ತಿತ್ತು, ಅದು ನೈಟ್ರಿಕ್ ಆಕ್ಸೈಡ್. 1998ರ ನೊಬೆಲ್ ಇಗ್ನಾರೋ, ಮ್ಯುರಾಡ್ ಜೊತೆ ಫರ್ಚ್‌ಗಾಟ್‌ಗೂ ಸಂದಿತು.

ಉರಿಯೂತ, ಸಕ್ಕರೆ, ಬಿಪಿ, ತಂಬಾಕು ಯಾವುದೇ ಇರಲಿ, ಪದರವನ್ನು ಕೆಡಿಸುವ ದಾರಿ ಹೆಚ್ಚುಕಡಿಮೆ ಒಂದೇ: ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ಗೋಡೆ ಜಿಗುಟಾಗುತ್ತದೆ, ಬಿಳಿರಕ್ತಕಣ ಅಂಟುತ್ತವೆ, ಎಲ್‌ಡಿಎಲ್ ಒಳನುಸುಳುತ್ತದೆ. ಟಿಎಂಟಿ, ಎಕೋ ಈ ಹಂತವನ್ನು ಕಾಣುವುದಿಲ್ಲ. ಟಿಎಂಟಿ ಕೆಡಬೇಕಾದರೆ ನಾಳ ಗಣನೀಯವಾಗಿ ಕಿರಿದಾಗಿರಬೇಕು. ಮೂರೂ ಪರೀಕ್ಷೆ ನಾರ್ಮಲ್ ಬಂತೆಂದು ನಿಶ್ಚಿಂತೆಯಾಗಿ ಮನೆಗೆ ಕಳಿಸುವುದು ಇಂಥವರ ವಿಷಯದಲ್ಲಿ ಅವಸರ.

ಹಾಗೆಂದು ಸಿಆರ್‌ಪಿ ಏರಿದೆ ಎಂದರೆ ಪದರ ಕೆಟ್ಟಿದೆ ಎಂದೂ ಅಲ್ಲ. ಕೊಬ್ಬರಿ ಗೋದಾಮಿನ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬಂದರೆ ಯಾವುದೋ ಚೀಲದಲ್ಲಿ ಬೂಸ್ಟು ಹಿಡಿದಿದೆ ಎಂದು ಗೊತ್ತಾಗುತ್ತದೆ. ಯಾವ ಚೀಲ ಎಂದು ಗೊತ್ತಾಗಬೇಕಾದರೆ ಒಳಗೆ ಹೋಗಿ ಕೈ ಹಾಕಬೇಕು. ಇವರಿಗೆ ಹೀಗೇ ವಿವರಿಸಿದ ಮೇಲೆ ಮುಂದಿನ ಪರೀಕ್ಷೆಗಳಿಗೆ ತಕರಾರು ಬರಲಿಲ್ಲ.

ಚೀಲ ಹುಡುಕಿದ್ದು

ಕೀಲು ನೋವಿಲ್ಲ, ಚರ್ಮದಲ್ಲಿ ಸೋರಿಯಾಸಿಸ್ ಇಲ್ಲ, ಉರಿಯೂತದ ಇನ್ನೊಂದು ಸುಳಿವಾದ ಇಎಸ್‌ಆರ್ 18, ಬಿಳಿರಕ್ತಕಣ 7,800, ಎದೆಯ ಎಕ್ಸ್‌ರೇ ಸರಿ. ಉಳಿದದ್ದು ಹೊಟ್ಟೆ ಮತ್ತು ಬಾಯಿ. ಹೊಟ್ಟೆಯ ಕೊಬ್ಬು ತಾನೇ ಇಂಟರ್‌ಲ್ಯೂಕಿನ್-6 ಸೂಸುವ ಅಂಗ, ಅದು 98 ಸೆಂ.ಮೀ. ಟೇಪಿನಲ್ಲೇ ಗೊತ್ತಾಗಿತ್ತು. ಬಾಯಿ ತೆರೆಸಿ ನೋಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹಲ್ಲುಜ್ಜುವಾಗ ರಕ್ತ ಬರುವುದು ನಾಲ್ಕು ವರ್ಷದಿಂದ ಇತ್ತು, "ಎಲೆ ಅಡಿಕೆಗೆ ಹಾಗೇ" ಎಂದು ಬಿಟ್ಟಿದ್ದರು. ದಂತವೈದ್ಯರು ಗೆರೆ ಹಾಕಿದ ಸಪೂರ ಕಡ್ಡಿಯನ್ನು ಒಸಡು ಮತ್ತು ಹಲ್ಲಿನ ಸಂದಿಗೆ ಇಳಿಸಿ ಅಳೆದರು. ಆರೋಗ್ಯವಂತ ಒಸಡಿನಲ್ಲಿ ಅದು 3 ಮಿ.ಮೀ.ಗಿಂತ ಹೆಚ್ಚು ಇಳಿಯುವುದಿಲ್ಲ. ಇವರಲ್ಲಿ ಹದಿನಾಲ್ಕು ಕಡೆ 5ರಿಂದ 6 ಮಿ.ಮೀ., ಮುಟ್ಟಿದಲ್ಲೆಲ್ಲ ರಕ್ತ. ಪೆರಿಯೊಡಾಂಟೈಟಿಸ್, ಅಂದರೆ ಒಸಡಿನ ಆಳದ ಉರಿಯೂತ.

ರಕ್ತನಾಳದ ಕಡೆಯಿಂದ ಮಾಡಿಸಿದ ಪರೀಕ್ಷೆಗಳಲ್ಲಿ ನಮ್ಮ ಮಟ್ಟಿಗೆ ಅತಿ ಉಪಯೋಗದ್ದು ಅತಿ ಅಗ್ಗದ್ದೇ: ಬೆಳಗಿನ ಮೂತ್ರದಲ್ಲಿ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಒಳಪದರ ಬಿಗಿಯಾಗಿದ್ದರೆ ಆಲ್ಬುಮಿನ್ ಸೋರುವುದಿಲ್ಲ. 30 ಮಿ.ಗ್ರಾಂ/ಗ್ರಾಂ ದಾಟಿದರೆ ಅಸಹಜ. ಇವರದು 46, ಆರು ವಾರ ಬಿಟ್ಟು 38. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಮೈಮುರಿಯುವ ಕೆಲಸ ಇವೆಲ್ಲ ಅನುಪಾತವನ್ನು ಸುಳ್ಳಾಗಿ ಏರಿಸುತ್ತವೆ, ಅದಕ್ಕೇ ಮೂರರಿಂದ ಆರು ತಿಂಗಳೊಳಗೆ ಮೂರರಲ್ಲಿ ಎರಡು ಬಾರಿ ಬರಬೇಕೆಂಬ ನಿಯಮ. ಎಲ್‌ಪಿ(ಎ), ಅಂದರೆ ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕೊಬ್ಬಿನ ಕಣ, 64 ಮಿ.ಗ್ರಾಂ/ಡೆ.ಲೀ ಬಂತು, 50 ದಾಟಿದರೆ ಹೆಚ್ಚು. ಅದು ಅಪ್ಪ ಅಮ್ಮನಿಂದ ಬಂದ ಆಸ್ತಿ, ಪಥ್ಯದಿಂದ ಇಳಿಯುವುದಿಲ್ಲ, ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕು.

ಲ್ಯಾಬಿನವರು 'ಇನ್‌ಫ್ಲಮೇಷನ್ ಪ್ಯಾನೆಲ್' ಎಂದು ಇನ್ನೊಂದು ಪಟ್ಟಿ ಮುಂದಿಟ್ಟಿದ್ದರು. ಒಂದನ್ನೂ ಮಾಡಿಸಲಿಲ್ಲ. ಇಂಟರ್‌ಲ್ಯೂಕಿನ್-6 ದಿನದೊಳಗೇ ಏರಿಳಿಯುತ್ತದೆ, ರಕ್ತ ತೆಗೆದು ಸೀರಂ ಬೇರ್ಪಡಿಸುವುದು ತಡವಾದರೆ ಅಂಕಿ ಕೆಡುತ್ತದೆ. ತಾಲ್ಲೂಕಿನಿಂದ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ಮಾದರಿಯಲ್ಲಿ ಅದನ್ನು ನಂಬುವುದು ಕಷ್ಟ. ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಒಳಪದರದಿಂದಲೇ ಬರುವ ವಸ್ತು ನಿಜ, ಆದರೆ ಓ ಗುಂಪಿನ ರಕ್ತದವರಲ್ಲಿ ಅದು ಹುಟ್ಟಾ ಕಾಲು ಭಾಗ ಕಡಿಮೆ. ಬಿಳಿರಕ್ತಕಣಗಳನ್ನು ಗೋಡೆಗೆ ಅಂಟಿಸುವ ಅಣುಗಳಾದ ಐಕ್ಯಾಮ್, ವಿಕ್ಯಾಮ್, ಇ-ಸೆಲೆಕ್ಟಿನ್‌ಗಳಿಗೆ ಒಬ್ಬ ರೋಗಿಯ ಮಟ್ಟದಲ್ಲಿ ಒಪ್ಪಿತ ಗಡಿರೇಖೆಯೇ ಇಲ್ಲ. ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಸಸ್ಯಾಹಾರಿಗಳಲ್ಲಿ ಅನೇಕ ಸಲ ಬಿ12 ಕೊರತೆಯಿಂದಲೇ ಏರಿರುತ್ತದೆ, ವಿಟಮಿನ್ ಕೊಟ್ಟು ಇಳಿಸಿದರೂ ಹೃದಯಾಘಾತ ಕಡಿಮೆಯಾಗಲಿಲ್ಲ ಎಂದು 2006ರ ನಾರ್ವಿಟ್, ಹೋಪ್-2 ಅಧ್ಯಯನಗಳು ತೋರಿಸಿವೆ.

ತೋಳಿನ ಧಮನಿ, ಐದು ನಿಮಿಷ

ಪದರದ ಕೆಲಸವನ್ನು ನೇರವಾಗಿ ನೋಡುವ ಪರೀಕ್ಷೆ ಒಂದಿದೆ, ಎಫ್‌ಎಂಡಿ (ಫ್ಲೋ ಮೀಡಿಯೇಟೆಡ್ ಡೈಲೇಷನ್): ರಕ್ತ ನುಗ್ಗಿದಾಗ ಧಮನಿ ಶೇಕಡಾ ಎಷ್ಟು ಹಿಗ್ಗುತ್ತದೆ ಎಂಬ ಅಳತೆ. 1992ರಲ್ಲಿ ಸೆಲರ್ಮಾಯರ್ ಮತ್ತು ಸಂಗಡಿಗರು ಬಳಕೆಗೆ ತಂದದ್ದು. ಚಿಕಿತ್ಸೆ ನಿರ್ಧರಿಸಲು ಇದು ಬೇಕಿರಲಿಲ್ಲ. ಬೋಧನಾ ಆಸ್ಪತ್ರೆಯ ಲ್ಯಾಬು ಹತ್ತಿರವಿದ್ದರೆ ನೋಡಬಹುದಾದ್ದು.

ಆರು ಗಂಟೆ ಉಪವಾಸ, ಕಾಫಿ ಇಲ್ಲ, ಹೊಗೆಸೊಪ್ಪು ಇಲ್ಲ, ತಂಪಾದ ಸದ್ದಿಲ್ಲದ ಕೋಣೆ, ಮಲಗಿ ಹದಿನೈದು ನಿಮಿಷ ವಿಶ್ರಾಂತಿ. ಮೊಣಕೈ ಮೇಲೆ ಅಲ್ಟ್ರಾಸೌಂಡ್ ಪ್ರೋಬನ್ನು ಧಮನಿಯ ಉದ್ದಕ್ಕೆ ಹಿಡಿದು ಅಳೆದಾಗ 4.10 ಮಿ.ಮೀ. ಮುಂಗೈಗೆ ಕಟ್ಟಿದ ಬಿಪಿ ಪಟ್ಟಿಯನ್ನು ಸಿಸ್ಟಾಲಿಕ್‌ಗಿಂತ 50 ಮೇಲಕ್ಕೆ, ಅಂದರೆ 190ರ ಹತ್ತಿರ ಏರಿಸಿ ಐದು ನಿಮಿಷ ಬಿಟ್ಟರು. ಮೂರನೇ ನಿಮಿಷಕ್ಕೆ ಬೆರಳು ಜೋಮು ಹಿಡಿಯುತ್ತದೆ. ಅದನ್ನು ಮೊದಲೇ ಹೇಳದಿದ್ದರೆ ರೋಗಿ ಕೈ ಅಲ್ಲಾಡಿಸಿ ಚಿತ್ರ ಹೋಗುತ್ತದೆ. ಪಟ್ಟಿ ಬಿಟ್ಟೊಡನೆ ರಕ್ತ ನುಗ್ಗುತ್ತದೆ, ಅದರ ಉಜ್ಜಾಟಕ್ಕೆ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ಒಂದು ನಿಮಿಷದ ಆಸುಪಾಸಿನಲ್ಲಿ ಧಮನಿ ಗರಿಷ್ಠ ಹಿಗ್ಗುತ್ತದೆ. ಇವರದು 4.23ಕ್ಕೆ ಹೋಯಿತು, ಶೇ. 3.2. ಆಮೇಲೆ ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಟ್ಟಾಗ 4.70. ಸ್ನಾಯು ಹಿಗ್ಗಬಲ್ಲದು, ಹಿಗ್ಗು ಎಂದು ಹೇಳುವ ಪದರವೇ ಸೋತಿದೆ ಎಂದರ್ಥ. (ನೈಟ್ರೋಗ್ಲಿಸರಿನ್ ಕೊಡುವ ಮುನ್ನ ಸಿಲ್ಡೆನಾಫಿಲ್ ಜಾತಿಯ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಹೆಂಡತಿಯನ್ನು ಹೊರಗೆ ಕೂರಿಸಿ ಕೇಳಬೇಕು. ಅವರೆದುರು ಕೇಳಿದರೆ ನಿಜ ಬರುವುದಿಲ್ಲ, ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ.)

ಇಲ್ಲಿನ ಲೆಕ್ಕದ ನಾಜೂಕು ನೋಡಿ. ಪ್ರೋಬ್ ತುಸು ಓರೆಯಾಗಿ 0.1 ಮಿ.ಮೀ. ತಪ್ಪಿದರೆ ಶೇ. 2.4 ತಪ್ಪಿದಂತೆ. ದಿನಕ್ಕೆ ಹಲವು ಬಾರಿ ಇದನ್ನೇ ಮಾಡುವ ಕೈ ಇಲ್ಲದಿದ್ದರೆ ಈ ಪರೀಕ್ಷೆ ಮಾಡಿಸದಿರುವುದೇ ಮೇಲು.

ಚಿಕಿತ್ಸೆ, ಮತ್ತು 9.6ರ ಗಾಬರಿ

ತಂದೆಯ ಇತಿಹಾಸ, ಎಲ್‌ಪಿ(ಎ), ದಕ್ಷಿಣ ಏಷ್ಯಾದ ಮೂಲ, ಎರಡು ಬಾರಿ 2 ದಾಟಿದ ಸಿಆರ್‌ಪಿ: ಅಮೆರಿಕದ ಹೃದ್ರೋಗ ಮಾರ್ಗಸೂಚಿಯಲ್ಲಿ ಇವೆಲ್ಲ ಅಪಾಯವನ್ನು ಹೆಚ್ಚಿಸುವ ಅಂಶಗಳು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡಲು ಇಷ್ಟು ಸಾಕು. ರೋಸುವಾಸ್ಟಾಟಿನ್ 10 ಮಿ.ಗ್ರಾಂ. ಶುರುವಾಯಿತು. ಮನೆಯಲ್ಲಿ ಏಳು ದಿನ ಬರೆದ ಬಿಪಿಯ ಸರಾಸರಿ 136/86, ಜೊತೆಗೆ ಆಲ್ಬುಮಿನ್ ಸೋರಿಕೆ ಇದ್ದುದರಿಂದ ಬಿಪಿ ಮಾತ್ರೆ ಟೆಲ್ಮಿಸಾರ್ಟನ್ 40. ಎರಡು ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿದ್ದಾಯಿತು. ಹೊಗೆಸೊಪ್ಪು ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು, ಎರಡು ಸಲ ಮತ್ತೆ ಶುರುಮಾಡಿದರು.

ಜ್ಯುಪಿಟರ್ ಅಧ್ಯಯನವನ್ನು (2008, 17,802 ಜನ, ಎಲ್‌ಡಿಎಲ್ 130ಕ್ಕಿಂತ ಕಡಿಮೆ, ಸಿಆರ್‌ಪಿ 2 ಅಥವಾ ಹೆಚ್ಚು, ರೋಸುವಾಸ್ಟಾಟಿನ್ 20ರಿಂದ ಮುಖ್ಯ ಘಟನೆಗಳಲ್ಲಿ ಶೇ. 44 ಇಳಿಕೆ) ಇಂಥ ಕಡೆ ಎತ್ತಿ ತೋರಿಸುವ ರೂಢಿ ಇದೆ. ಅಲ್ಲಿದ್ದ ಗಂಡಸರು 50 ದಾಟಿದವರು, ಇವರಿಗೆ 44. ಸಿಆರ್‌ಪಿ ಕಡಿಮೆ ಇದ್ದವರ ಗುಂಪನ್ನು ಅಲ್ಲಿ ಪರೀಕ್ಷಿಸಲೇ ಇಲ್ಲ. ಅದನ್ನು ಸಿಆರ್‌ಪಿ ಪರೀಕ್ಷೆಯ ಗೆಲುವು ಎನ್ನುವುದಕ್ಕಿಂತ ಸ್ಟ್ಯಾಟಿನ್ನಿನ ಗೆಲುವು ಎನ್ನುವುದು ಸರಿ.

ಒಂಬತ್ತನೇ ವಾರದಲ್ಲಿ ಒಸಡಿನ ಚಿಕಿತ್ಸೆ: ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ಬೇರಿನವರೆಗೆ ಕೆರೆದು ಪಾಚಿ ತೆಗೆಯುವುದು, ಇಡೀ ಬಾಯಿಗೆ ಒಂದೇ ದಿನ. ಎರಡು ದಿನ ಬಿಟ್ಟು, ಯಾರೂ ಹೇಳದೆ, ಕುತೂಹಲಕ್ಕೆ ತಾವೇ ಹೋಗಿ ಸಿಆರ್‌ಪಿ ಮಾಡಿಸಿದರು. 9.6. ಮಾತ್ರೆ ಒಗ್ಗಲಿಲ್ಲ ಎಂದು ಎರಡನ್ನೂ ನಿಲ್ಲಿಸಿದರು.

ಇದು ಆಗಬೇಕಾದದ್ದೇ. 2007ರಲ್ಲಿ ಟೊನೆಟ್ಟಿ ಮತ್ತು ಸಂಗಡಿಗರು 120 ಪೆರಿಯೊಡಾಂಟೈಟಿಸ್ ರೋಗಿಗಳಲ್ಲಿ ಇದನ್ನೇ ಅಳೆದಿದ್ದಾರೆ. ತೀವ್ರ ಒಸಡು ಚಿಕಿತ್ಸೆಯಾದ ಮರುದಿನ ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಏರಿ ಎಫ್‌ಎಂಡಿ ಕುಸಿಯಿತು. 60 ದಿನಕ್ಕೆ ಮಾಮೂಲಿ ಚಿಕಿತ್ಸೆಯವರಿಗಿಂತ ಶೇಕಡಾ 0.9 ಅಂಶ, 180 ದಿನಕ್ಕೆ 2 ಅಂಶ ಮೇಲಾಯಿತು. ಕೆರೆಯುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವುದು ಮೊದಲ ಏರಿಕೆಗೆ ಒಂದು ಕಾರಣ ಎನ್ನುತ್ತಾರೆ. ಹತ್ತು ದಿನ ಮಾತ್ರೆ ತಪ್ಪಿತ್ತು, ಮತ್ತೆ ಶುರುಮಾಡಿಸಿದ್ದಾಯಿತು.

ನಾಲ್ಕನೇ ತಿಂಗಳು ಸಿಆರ್‌ಪಿ 2.6. ಏಳನೇ ತಿಂಗಳು 1.7, ಎಲ್‌ಡಿಎಲ್ 68, ತೂಕ 74, ಮೂತ್ರದ ಅನುಪಾತ 24. ಎಫ್‌ಎಂಡಿ ಅದೇ ಕೈಯಿಂದ, ಅದೇ ಹೊತ್ತಿನಲ್ಲಿ: 4.10ರಿಂದ 4.31ಕ್ಕೆ, ಶೇ. 5.1. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ಬಾರದು. ತೂಕದ ಪಾಲು ಸಣ್ಣದು: ಕಿಲೋಗೆ ಸುಮಾರು 0.13ರ ಲೆಕ್ಕದಲ್ಲಿ ಐದು ಕಿಲೋಗೆ 0.65.

"ಇದನ್ನು ಇನ್ನೂ ಇಳಿಸೋಕೆ ಮಾತ್ರೆ ಇಲ್ವಾ ಡಾಕ್ಟ್ರೇ?" ಎಂಬ ಪ್ರಶ್ನೆ ಬಂತು. ಸಿಆರ್‌ಪಿಯನ್ನೇ ಇಳಿಸುವುದು ಗುರಿಯಲ್ಲ. ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವ ವಂಶವಾಹಿ ಉಳ್ಳವರಲ್ಲಿ ಹೃದಯಾಘಾತ ಹೆಚ್ಚಿಲ್ಲ. ಉರಿಯೂತವನ್ನು ಮೇಲಿನ ಹಂತದಲ್ಲಿ ತಡೆದರೆ ಫಲವಿದೆ ಎಂದು 2017ರ ಕ್ಯಾಂಟೋಸ್ ತೋರಿಸಿತು: ಆಗಲೇ ಹೃದಯಾಘಾತವಾಗಿದ್ದ 10,061 ಜನರಲ್ಲಿ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕನಾಕಿನುಮ್ಯಾಬ್ 150 ಮಿ.ಗ್ರಾಂ. ಎಲ್‌ಡಿಎಲ್ ಮುಟ್ಟದೆಯೇ ಘಟನೆಗಳನ್ನು ಶೇ. 15 ಇಳಿಸಿತು, ಜೊತೆಗೆ ಪ್ರಾಣಾಂತಿಕ ಸೋಂಕನ್ನೂ ಹೆಚ್ಚಿಸಿತು. ಮೆಥೋಟ್ರೆಕ್ಸೇಟ್ ಕೊಟ್ಟ ಸಿಐಆರ್‌ಟಿ ಅಧ್ಯಯನದಲ್ಲಿ ಲಾಭವಾಗಲಿಲ್ಲ. ಕೋಲ್ಚಿಸಿನ್ 0.5 ಮಿ.ಗ್ರಾಂ. ಸ್ಥಿರ ಹೃದ್ರೋಗಿಗಳಲ್ಲಿ ಕೆಲಸ ಮಾಡಿತು (ಲೋಡೋಕೋ-2, 2020), ಹೃದಯಾಘಾತದ ಬೆನ್ನಿಗೇ ಕೊಟ್ಟ ದೊಡ್ಡ ಅಧ್ಯಯನದಲ್ಲಿ 2024ರಲ್ಲಿ ಸೋತಿತು. ನಾಳ ಕಟ್ಟಿಯೇ ಇಲ್ಲದ ಈ ಮನುಷ್ಯನಿಗೆ ಇವು ಯಾವುವೂ ಸಲ್ಲವು.

ಮುಂದಿನ ಪಟ್ಟಿ ಚಿಕ್ಕದು. ಒಸಡಿನ ಶುಚಿ ಆರು ತಿಂಗಳಿಗೊಮ್ಮೆ, ಮೂತ್ರದ ಅನುಪಾತ ಮತ್ತು ಲಿಪಿಡ್ ವರ್ಷಕ್ಕೊಮ್ಮೆ, ಎಚ್‌ಬಿಎ1ಸಿ ಆರು ತಿಂಗಳಿಗೆ, ಎಲ್‌ಪಿ(ಎ) ಮತ್ತೆ ಬೇಡ. ಸಿಆರ್‌ಪಿ ವರ್ಷದ ನಂತರ ಒಮ್ಮೆ, ಅದೇ ಲ್ಯಾಬಿನಲ್ಲಿ. ಆ ಚೀಟಿಯ ಮೇಲೆ ಬರೆದುಕೊಟ್ಟದ್ದು ಇಷ್ಟು: 'ಎಚ್‌ಎಸ್-ಸಿಆರ್‌ಪಿ, ಯಂತ್ರದ ವಿಧಾನ, ಮಿ.ಗ್ರಾಂ/ಲೀಟರ್. ಮೂರು ವಾರದೊಳಗೆ ಜ್ವರ, ಹಲ್ಲಿನ ಚಿಕಿತ್ಸೆ, ಗಾಯ ಆಗಿದ್ದರೆ ರಕ್ತ ತೆಗೆಯಬೇಡಿ, ಬೇರೆ ದಿನ ಕೊಡಿ.'